ಮುಚ್ಚಬಾರದ ಬಾಗಿಲು

ಮಂಗಳೂರಿನ ರಥಬೀದಿಯಲ್ಲಿ ಜವಳಿ ಅಂಗಡಿಯಿಟ್ಟಿರುವ, ಅರುವತ್ತೈದು ದಾಟಿದ ಯಜಮಾನರೊಬ್ಬರನ್ನು ವಾಚಕರು ಊಹಿಸಿಕೊಳ್ಳಬೇಕು. ಮೂರು ವರ್ಷಗಳ ಹಿಂದೆ ಅವರಿಗೆ ಗುದನಾಳದ ಕ್ಯಾನ್ಸರ್ ಎಂದು ತಿಳಿದುಬಂತು. ದೊಡ್ಡ ಶಸ್ತ್ರಕ್ರಿಯೆಯೂ ಆಯಿತು. ಕೆಟ್ಟ ಭಾಗವನ್ನು ತೆಗೆದ ಶಸ್ತ್ರವೈದ್ಯರು ಉಳಿದ ದೊಡ್ಡ ಕರುಳಿನ ತುದಿಯನ್ನು ಹೊಟ್ಟೆಯ ಎಡಭಾಗದಲ್ಲಿ ಹೊರಕ್ಕೆ ತಂದು, ಚರ್ಮಕ್ಕೆ ಹೊಲಿದು, ಅಲ್ಲೊಂದು ಹೊಸ ಮಲದ್ವಾರವನ್ನು ನಿರ್ಮಿಸಿದರು. ಅದರ ಮೇಲೆ ಅಂಟಿಸಿಕೊಳ್ಳುವ ಚೀಲ. ಮೊದಮೊದಲು ಕನ್ನಡಿಯೆದುರು ನಿಲ್ಲಲು ಹೇಸಿದವರು ಆರು ತಿಂಗಳಲ್ಲಿ ಅಂಗಡಿಗೆ ಮರಳಿದರು. ವರ್ಷ ತುಂಬುವಷ್ಟರಲ್ಲಿ ಮಗಳ ಮದುವೆಯ ಓಡಾಟವನ್ನೂ ಪೂರೈಸಿದರು. ಪಕ್ಕದ ಅಂಗಡಿಯವರಿಗೆ ಇಂದಿಗೂ ಚೀಲದ ಸುಳಿವಿಲ್ಲ.

ಆದರೆ ಈ ಮಳೆಗಾಲದಲ್ಲಿ ಕೆಮ್ಮು ಹಿಡಿದ ಮೇಲೆ ಪಂಚೆಯ ಮೇಲ್ಗಡೆ, ಚೀಲದ ಸುತ್ತ, ಒಂದು ಉಬ್ಬು ಕಾಣಿಸಿಕೊಂಡಿದೆ. ಮಲಗಿದರೆ ಅಡಗುತ್ತದೆ, ಎದ್ದು ನಿಂತರೆ ಮೇಲೇಳುತ್ತದೆ, ಕೆಮ್ಮಿದರೆ ಇನ್ನಷ್ಟು ಬೀಗುತ್ತದೆ. ಉಬ್ಬಿದ ಚರ್ಮದ ಮೇಲೆ ಚೀಲದ ಅಂಟು ಸರಿಯಾಗಿ ಕೂರುವುದಿಲ್ಲ. ಕರಾವಳಿಯ ಸೆಕೆ, ಬೆವರು ಬೇರೆ. ಎರಡು ಸಲ ಅಂಗಡಿಯಲ್ಲಿಯೇ ಅಂಟು ಬಿಟ್ಟು, ತಲೆನೋವಿನ ನೆಪ ಹೇಳಿ ಮನೆಗೆ ಓಡಬೇಕಾಯಿತು.

“ಇದೆಂತ ಮಾರಾಯ್ರೆ, ಡಾಕ್ಟರಿಗೆ ತೋರಿಸಬಾರದಾ?” ಎಂದು ಮನೆಯಾಕೆ ಕೇಳಿದರೆ, “ಗಾಳಿ ಮಾರಾಯ್ತಿ, ಬರೀ ಗಾಳಿ” ಎಂಬ ಉತ್ತರ.

ಅದು ಗಾಳಿಯಲ್ಲ, ಹರ್ನಿಯ. ಹೊರತಂದ ಕರುಳಿನ ಪಕ್ಕದ ಸಂದಿಯಲ್ಲಿ ಹೊಟ್ಟೆಯೊಳಗಿನ ಬೇರೆ ಕರುಳಿನ ಸುರುಳಿಯೋ ಕೊಬ್ಬಿನ ಪದರವೋ ನುಸುಳಿ ಚರ್ಮದಡಿಗೆ ಬಂದಿರುತ್ತದೆ. ಇದು ಅಪರೂಪದ ಕಾಯಿಲೆಯೇನೂ ಅಲ್ಲ. ಯುರೋಪಿನ ಹರ್ನಿಯ ಸಂಘವು ೨೦೧೮ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ, ದೊಡ್ಡ ಕರುಳಿನ ತುದಿಯನ್ನು ಶಾಶ್ವತವಾಗಿ ಹೊರತಂದವರಲ್ಲಿ ಮೊದಲ ವರ್ಷದಲ್ಲಿಯೇ ಶೇಕಡಾ ೩೦ಕ್ಕಿಂತ ಹೆಚ್ಚು, ಎರಡು ವರ್ಷಗಳಲ್ಲಿ ೪೦, ಇನ್ನೂ ದೀರ್ಘಕಾಲ ನೋಡಿದರೆ ೫೦ ಅಥವಾ ಅದಕ್ಕೂ ಹೆಚ್ಚು ಮಂದಿಗೆ ಈ ಹರ್ನಿಯ ಬರಬಹುದು. ಇಬ್ಬರಲ್ಲಿ ಒಬ್ಬರು! ಆದರೂ ಈ ಮಾತನ್ನು ಆಸ್ಪತ್ರೆಯಿಂದ ಮನೆಗೆ ಕಳುಹಿಸುವ ದಿನವೇ ತಿಳಿಸಿ ಹೇಳುವವರು ವಿರಳ. ತನ್ನೊಬ್ಬನಿಗೇ ಒದಗಿದ ಅವಮಾನವೆಂದು ರೋಗಿ ಭಾವಿಸಿ ಮುಚ್ಚಿಟ್ಟುಕೊಳ್ಳುವುದರಲ್ಲಿ ಆಶ್ಚರ್ಯವೇನಿದೆ?

ತೊಡೆಸಂದಿನ ಹರ್ನಿಯ ಎಲ್ಲರೂ ಕೇಳಿರುವಂಥದು. ಅಲ್ಲಿ ಉದರದ ಗೋಡೆ ಸಡಿಲಗೊಂಡು ಒಂದು ರಂಧ್ರವಾಗಿರುತ್ತದೆ. ಶಸ್ತ್ರವೈದ್ಯರು ಅದನ್ನು ಭದ್ರಪಡಿಸಿ ಮುಚ್ಚುತ್ತಾರೆ. ಕೃತಕ ಮಲದ್ವಾರದ ಬಳಿಯ ಹರ್ನಿಯದ ತೊಡಕು ಬೇರೆಯೇ. ಇಲ್ಲಿ ರಂಧ್ರವನ್ನು ಮಾಡಿದವರು ವೈದ್ಯರೇ, ಮತ್ತು ಅದು ತೆರೆದೇ ಇರಬೇಕು. ಪೂರ್ತಿ ಮುಚ್ಚಿದರೆ ಕರುಳಿನ ದಾರಿ ನಿಲ್ಲುತ್ತದೆ. ಸಡಿಲ ಬಿಟ್ಟರೆ ಪಕ್ಕದಲ್ಲಿ ಇನ್ನೊಂದು ಕರುಳು ನುಸುಳುತ್ತದೆ. ಅಷ್ಟೇ ಅಲ್ಲ, ಹೊಟ್ಟೆಯೊಳಗಿನ ಒತ್ತಡ ಕೆಮ್ಮಿದಾಗ, ಮುಕ್ಕಿದಾಗ, ಭಾರ ಎತ್ತಿದಾಗ ಆ ರಂಧ್ರದ ಅಂಚನ್ನು ದಿನವೂ ಹೊರಕ್ಕೆ ಎಳೆಯುತ್ತಲೇ ಇರುತ್ತದೆ. ಇಂದು ಎರಡು ಬೆರಳು ಹಿಡಿಸುವಷ್ಟಿದ್ದ ಬಾಗಿಲು ಐದು ವರ್ಷಗಳಲ್ಲಿ ಮುಷ್ಟಿ ಹಿಡಿಸುವಷ್ಟಾಗಬಹುದು. ಈ ಶತಮಾನದ ಶಸ್ತ್ರಚಿಕಿತ್ಸೆಯೂ ಈ ಒಂದು ಒಗಟಿನ ಸುತ್ತಲೇ ತಿರುಗುತ್ತಿದೆ: ತೆರೆದಿರಲೇಬೇಕಾದ ಬಾಗಿಲನ್ನು ಎಷ್ಟು ಬಿಗಿಯಾಗಿ, ಯಾವ ಕಡೆಯಿಂದ ಕಾಯಬೇಕು?

ಒಗಟು ಹಳೆಯದು. ಲಂಡನ್ನಿನ ಅರ್ನೆಸ್ಟ್ ಮೈಲ್ಸ್ ಎಂಬ ಶಸ್ತ್ರವೈದ್ಯರು ೧೯೦೮ರಲ್ಲಿ ಗುದನಾಳದ ಕ್ಯಾನ್ಸರಿಗೆ ತಮ್ಮ ಹೊಸ ಶಸ್ತ್ರಕ್ರಿಯೆಯನ್ನು ಪ್ರಕಟಿಸಿದ ಮೇಲೆ, ಕರುಳಿನ ತುದಿಯನ್ನು ಶಾಶ್ವತವಾಗಿ ಹೊರತರುವ ಪದ್ಧತಿ ಲೋಕದಲ್ಲೆಲ್ಲ ಹರಡಿತು. ರೋಗಿಗಳು ಬದುಕಿ ಉಳಿಯತೊಡಗಿದರು. ಬದುಕಿ ಉಳಿದವರಿಗೆ ಹರ್ನಿಯ ಕಾಣಿಸಿಕೊಂಡಿತು. ಒಂದು ರೀತಿಯಲ್ಲಿ ಇದು ವೈದ್ಯಶಾಸ್ತ್ರದ ಗೆಲುವಿನೊಡನೆ ಹುಟ್ಟಿದ ಕಾಯಿಲೆ.

ಮಂಗಳೂರಿಗೆ ಈ ವಿಷಯ ದೂರದ್ದಲ್ಲ. ೧೮೪೮ರಲ್ಲಿ ಆರಂಭವಾದ, ಈಗ ವೆನ್ಲಾಕ್ ಎಂಬ ಹೆಸರಿನಿಂದ ಪ್ರಸಿದ್ಧವಾದ ಜಿಲ್ಲಾ ಆಸ್ಪತ್ರೆ, ೧೮೮೦ರಲ್ಲಿ ಫಾದರ್ ಆಗಸ್ಟಸ್ ಮುಲ್ಲರ್ ಅವರು ಕಂಕನಾಡಿಯ ಆಲದ ಮರದಡಿ ಔಷಧ ಹಂಚುತ್ತ ತೊಡಗಿ ಇಂದು ದೊಡ್ಡ ಆಸ್ಪತ್ರೆಯಾಗಿ ಬೆಳೆದ ಸಂಸ್ಥೆ, ೧೯೫೫ರಿಂದ ಇಲ್ಲಿ ಕಲಿಸುತ್ತಿರುವ ಕಸ್ತೂರ್ಬಾ ವೈದ್ಯಕೀಯ ಕಾಲೇಜು, ಇವುಗಳಿಂದಾಗಿ ಕಾಸರಗೋಡು, ಕೊಡಗು, ಚಿಕ್ಕಮಗಳೂರುಗಳಿಂದಲೂ ರೋಗಿಗಳು ಈ ಊರಿಗೆ ಬರುತ್ತಾರೆ. ಬರುವವರಲ್ಲಿ ಬಂದರಿನಲ್ಲಿ ಅಡಿಕೆ ಮೂಟೆ ಹೊತ್ತವರಿದ್ದಾರೆ, ಧಕ್ಕೆಯಲ್ಲಿ ಮೀನಿನ ಬುಟ್ಟಿ ಎತ್ತಿದವರಿದ್ದಾರೆ, ಬೀಡಿ ಸೇದಿ ಕೆಮ್ಮು ಬೆಳೆಸಿಕೊಂಡವರೂ ಇದ್ದಾರೆ. ಭಾರ, ಕೆಮ್ಮು, ಬೊಜ್ಜು, ವಯಸ್ಸು: ಈ ಹರ್ನಿಯಕ್ಕೆ ಬೇಕಾದ ಸಾಮಗ್ರಿಯೆಲ್ಲ ಇಷ್ಟೇ.

ಇನ್ನು ಚಿಕಿತ್ಸೆಯ ಮಾತು. ಮೊದಲು ಶಸ್ತ್ರವೈದ್ಯರಿಗೆ ತೋಚಿದ್ದು ಅತ್ಯಂತ ಸಹಜವಾದ ಉಪಾಯ. ಸಡಿಲಗೊಂಡ ರಂಧ್ರದ ಅಂಚುಗಳನ್ನು ಹತ್ತಿರಕ್ಕೆಳೆದು ದಾರದಿಂದ ಹೊಲಿದುಬಿಡುವುದು. ಹೊಟ್ಟೆಯನ್ನು ಪೂರ್ತಿ ಬಿಚ್ಚಬೇಕಾಗಿಲ್ಲ. ರೋಗಿ ಬೇಗ ಮನೆಗೆ ಹೋಗುತ್ತಾನೆ. ಎಲ್ಲವೂ ಸರಿ, ಹರ್ನಿಯ ಮಾತ್ರ ಮರಳಿ ಬರುತ್ತದೆ. ಹರಿದ ಹಳೆಯ ಬಟ್ಟೆಯನ್ನು ಅದರದೇ ಅಂಚು ಹಿಡಿದು ಹೊಲಿದರೆ ಹೊಲಿಗೆಯ ಪಕ್ಕದಲ್ಲಿಯೇ ಮತ್ತೆ ಹರಿಯುವುದನ್ನು ಪ್ರತಿಯೊಬ್ಬ ಗೃಹಿಣಿಯೂ ಬಲ್ಲಳು. ಹಾಲೆಂಡಿನ ವೈದ್ಯರು ಅದುವರೆಗಿನ ವರದಿಗಳನ್ನೆಲ್ಲ ಕೂಡಿಸಿ ೨೦೧೨ರಲ್ಲಿ ಲೆಕ್ಕ ಹಾಕಿದಾಗ, ಬರೀ ಹೊಲಿಗೆ ಹಾಕಿಸಿಕೊಂಡವರಲ್ಲಿ ಶೇಕಡಾ ಸುಮಾರು ೬೯ ಮಂದಿಗೆ ಹರ್ನಿಯ ಮರುಕಳಿಸಿತ್ತು. ಆದಕಾರಣ ನಿಶ್ಚಿತ ದಿನದಂದು ಮಾಡುವ ಶಸ್ತ್ರಕ್ರಿಯೆಯಲ್ಲಿ ಬರೀ ಹೊಲಿಗೆ ಬೇಡವೆಂದು ಯುರೋಪಿನ ಮಾರ್ಗಸೂಚಿ ಸ್ಪಷ್ಟವಾಗಿ ಹೇಳುತ್ತದೆ. ಪ್ರಾಣಾಪಾಯದ ತುರ್ತಿನಲ್ಲಿ, ಬೇರೆ ಉಪಾಯವಿಲ್ಲದಾಗ ಅದಕ್ಕೆ ಇನ್ನೂ ಸ್ಥಾನವಿದೆ.

ಎರಡನೆಯದು ಬಾಗಿಲನ್ನೇ ಸ್ಥಳಾಂತರಿಸುವುದು: ಎಡದಲ್ಲಿದ್ದುದನ್ನು ಬಲಕ್ಕೆ ಒಯ್ಯುವುದು. ಆದರೆ ಹೊಸ ಬಾಗಿಲೂ ಬಾಗಿಲೇ. ಅಲ್ಲಿಯೂ ಹರ್ನಿಯ ಬರಬಹುದು. ಮುಚ್ಚಿದ ಹಳೆಯ ಜಾಗ ದುರ್ಬಲ. ಹೊಟ್ಟೆ ಬಿಚ್ಚಿದ ಮಧ್ಯದ ಗಾಯ ಇನ್ನೊಂದು ದುರ್ಬಲ ಸ್ಥಾನ. ಒಂದು ಇದ್ದ ಕಡೆ ಮೂರು! ಮೊದಲ ಬಾರಿ ಬಾಗಿಲನ್ನು ತಪ್ಪು ಜಾಗದಲ್ಲಿ, ಚರ್ಮದ ಮಡಿಕೆಯಲ್ಲೋ ಎಲುಬಿನ ಅಂಚಿನಲ್ಲೋ, ಇಟ್ಟಿದ್ದರೆ ಮಾತ್ರ ಈ ಉಪಾಯಕ್ಕೆ ಅರ್ಥವುಂಟು.

ಈ ಚಿತ್ರವನ್ನು ಬದಲಿಸಿದ್ದು ಬಲೆ. ಅಮೆರಿಕದ ಹ್ಯೂಸ್ಟನ್ ನಗರದ ಫ್ರಾನ್ಸಿಸ್ ಅಷರ್ ಎಂಬವರು ೧೯೫೮ರ ಸುಮಾರಿಗೆ ಪ್ಲಾಸ್ಟಿಕ್ ನೂಲಿನ ಜಾಲರಿಯನ್ನು ಹರ್ನಿಯ ಚಿಕಿತ್ಸೆಗೆ ತಂದರು. ನೋಡುವುದಕ್ಕೆ ಧಕ್ಕೆಯಲ್ಲಿ ಒಣಗಲು ಹರವಿದ ಮೀನುಬಲೆಯ ತೀರ ಸಣ್ಣ ತುಣುಕಿನಂತೆ. ಇದನ್ನು ದುರ್ಬಲ ಗೋಡೆಗೆ ತೇಪೆ ಹಾಕಿದರೆ, ಶರೀರದ ಸ್ವಂತ ಊತಕ ಅದರ ಕಣ್ಣುಗಳಲ್ಲಿ ಬೆಳೆದು ಗಟ್ಟಿಯಾದ ಒಂದು ಹಾಳೆಯಾಗುತ್ತದೆ. ಕೃತಕ ಮಲದ್ವಾರದ ಹರ್ನಿಯಕ್ಕೆ ಇದನ್ನು ಬಳಸಿದ ರೀತಿಯನ್ನು ರೋಸಿನ್ ಮತ್ತು ಬೊನಾರ್ಡಿ ೧೯೭೭ರಲ್ಲಿ ಪ್ರಕಟಿಸಿದರು. ಬಲೆ ಹಾಕಿದ ಮೇಲೆ ಮರುಕಳಿಕೆ ಬಹಳಷ್ಟು ತಗ್ಗಿತೆಂಬುದರಲ್ಲಿ ಇಂದು ಯಾರಿಗೂ ಸಂಶಯವಿಲ್ಲ. ವಾದ ಉಳಿದಿರುವುದು ಬಲೆಯನ್ನು ಯಾವ ಪದರದಲ್ಲಿ, ಯಾವ ಆಕಾರದಲ್ಲಿ ಇಡಬೇಕೆಂಬುದರಲ್ಲಿ.

ಉದರದ ಗೋಡೆ ಒಂದೇ ಹಲಗೆಯಲ್ಲ. ಹೊರಗೆ ಚರ್ಮ, ಅದರಡಿ ಕೊಬ್ಬು, ಬಳಿಕ ಗಟ್ಟಿ ಪೊರೆಯಲ್ಲಿ ಸುತ್ತಿದ ಸ್ನಾಯು, ತೀರ ಒಳಗೆ ತೆಳುವಾದ ಉದರಪೊರೆ. ಬಲೆಯನ್ನು ಸ್ನಾಯುವಿನ ಹೊರಗಡೆ, ಕೊಬ್ಬಿನಡಿ ಹರಡುವುದು ಸುಲಭ, ಹೊಟ್ಟೆಯೊಳಕ್ಕೆ ಕೈಹಾಕಬೇಕಾಗಿಲ್ಲ. ಆದರೆ ಒಳಗಿನ ಒತ್ತಡ ಅದನ್ನು ಗೋಡೆಯಿಂದ ಕೀಳಲು ನೋಡುತ್ತದೆ. ಒಳಗಡೆಯಿಂದ ಹಚ್ಚಿದರೆ ಅದೇ ಒತ್ತಡ ಬಲೆಯನ್ನು ಗೋಡೆಗೆ ಅದುಮಿ ಹಿಡಿಯುತ್ತದೆ. ಹೊಳೆಯ ನೀರು ಒಡ್ಡಿನ ಒಳಮೈಗೆ ಹಲಗೆಯನ್ನು ಒತ್ತುವಂತೆ. ಆದ್ದರಿಂದ ಬಲ್ಲವರ ಒಲವು ಕ್ರಮೇಣ ಒಳಗಡೆಗೆ ತಿರುಗಿತು.

ಒಳಗಡೆ ಬಲೆ ಹಚ್ಚುವುದರಲ್ಲಿಯೂ ಎರಡು ಪಂಥಗಳಾದವು. ಮೊದಲನೆಯದಕ್ಕೆ ಬೀಗದ ಕಣ್ಣಿನ ಪದ್ಧತಿ ಎಂದು ಹೆಸರು. ಬಲೆಯ ನಡುವೆ ರಂಧ್ರ ಕತ್ತರಿಸಿ, ಕರುಳನ್ನು ಅದರ ಮೂಲಕ ಹಾಯಿಸಿ, ಸುತ್ತಲೂ ಗೋಡೆಗೆ ಬಿಗಿಯುವುದು. ಎರಡನೆಯದನ್ನು ಅಮೆರಿಕದ ಪಾಲ್ ಶುಗರ್‌ಬೇಕರ್ ೧೯೮೫ರಲ್ಲಿ ಏಳು ರೋಗಿಗಳ ಅನುಭವದೊಂದಿಗೆ ಪ್ರಕಟಿಸಿದರು. ಅವರು ಬಲೆಗೆ ರಂಧ್ರವನ್ನೇ ಕೊರೆಯಲಿಲ್ಲ. ಕರುಳನ್ನು ಒಳಗೋಡೆಯ ಉದ್ದಕ್ಕೆ ಪಕ್ಕಕ್ಕೆ ಮಲಗಿಸಿ, ಅದರ ಮೇಲೆ ಅಖಂಡವಾದ ಬಲೆಯನ್ನು ಹೊದಿಸಿದರು. ಕರುಳು ಬಲೆಯ ಅಂಚಿನಿಂದ ಒಳಸೇರಿ, ಗೋಡೆ ಮತ್ತು ಬಲೆಗಳ ನಡುವಣ ಓಣಿಯಲ್ಲಿ ಸಾಗಿ, ಆಮೇಲೆ ಬಾಗಿಲನ್ನು ಮುಟ್ಟುತ್ತದೆ.

ಇದನ್ನು ಮಂಗಳೂರಿನವರಿಗೆ ತಿಳಿಸಿಕೊಡಲು ಹಂಚಿಗಿಂತ ಒಳ್ಳೆಯ ಉಪಮೆಯಿಲ್ಲ. ಬಾಸೆಲ್ ಮಿಷನ್ನಿನವರು ೧೮೬೫ರಲ್ಲಿ ಇಲ್ಲಿ ಹಂಚಿನ ಕಾರ್ಖಾನೆ ತೆರೆದಂದಿನಿಂದ ಈ ಊರಿನವರಿಗೆ ಮಾಡಿನ ಗುಟ್ಟೆಲ್ಲ ಗೊತ್ತು. ಹಂಚಿಗೆ ತೂತು ಕೊರೆದು ಕೊಳವೆಯನ್ನು ನೇರವಾಗಿ ಮೇಲಕ್ಕೆತ್ತಿದರೆ, ಎಷ್ಟೇ ಗಾರೆ ಮೆತ್ತಿದರೂ ಆಷಾಢದ ಮಳೆ ತೂತಿನ ಸುತ್ತ ದಾರಿ ಹುಡುಕುತ್ತದೆ. ಕೊಳವೆಯನ್ನು ಹಂಚಿನಡಿಯಲ್ಲಿಯೇ ಓರೆಯಾಗಿ ಒಯ್ದು ಅಂಚಿನಿಂದ ಹೊರಡಿಸಿದರೆ ಹಂಚು ಅಖಂಡವಾಗಿ ಉಳಿಯುತ್ತದೆ. ಬೀಗದ ಕಣ್ಣಿನ ಪದ್ಧತಿಯ ದೋಷ ಇದೇ. ಬಲೆ ಕಾಲಾನಂತರ ಕುಗ್ಗುತ್ತದೆ. ಕುಗ್ಗಿದಂತೆ ನಡುವಣ ರಂಧ್ರ ಹಿಗ್ಗುತ್ತದೆ. ಹಾಲೆಂಡಿನಲ್ಲಿ ದೂರದರ್ಶಕ ನಳಿಕೆಯ ಮೂಲಕ, ಎಂದರೆ ಲ್ಯಾಪರೊಸ್ಕೋಪಿಯಿಂದ, ಈ ರೀತಿ ಬಲೆ ಹಾಕಿಸಿಕೊಂಡ ೫೫ ರೋಗಿಗಳ ವರದಿಯೊಂದರಲ್ಲಿ ಶೇಕಡಾ ೩೭ರಷ್ಟು ಮಂದಿಗೆ ಹರ್ನಿಯ ಮರಳಿ ಬಂದಿತ್ತು. ಲ್ಯಾಪರೊಸ್ಕೋಪಿಯಿಂದ ಮಾಡುವುದಾದರೆ ಶುಗರ್‌ಬೇಕರ್ ಪದ್ಧತಿಯೇ ಲೇಸೆಂಬ ತೀರ್ಮಾನಕ್ಕೆ ೨೦೧೨ರ ಲೆಕ್ಕಾಚಾರವೂ ೨೦೧೮ರ ಮಾರ್ಗಸೂಚಿಯೂ ಬಂದವು.

ಹಾಗಾದರೆ ಎಲ್ಲರಿಗೂ ಶುಗರ್‌ಬೇಕರ್ ಎಂದು ಬರೆದುಬಿಡಬಹುದೇ? ಇಲ್ಲ. ಕರುಳನ್ನು ಪಕ್ಕಕ್ಕೆ ಮಲಗಿಸಬೇಕಾದರೆ ಅದಕ್ಕೆ ಸಾಕಷ್ಟು ಉದ್ದ ಬೇಕು, ಎಳೆದಲ್ಲಿಗೆ ಬರುವ ಸಡಿಲತೆ ಬೇಕು. ಮೂತ್ರಕೋಶ ತೆಗೆದವರಿಗೆ ಮೂತ್ರ ಹರಿಯಲೆಂದು ಮಾಡಿಕೊಡುವ ಕಿರುಗರುಳಿನ ತುಂಡು ಗಿಡ್ಡ. ಅದನ್ನು ಓರೆಯಾಗಿ ಒಯ್ಯುವುದು ಅನೇಕ ಸಲ ಸಾಧ್ಯವಾಗದು. ಹಳೆಯ ಶಸ್ತ್ರಕ್ರಿಯೆಗಳಿಂದ ಕರುಳು ಒಂದಕ್ಕೊಂದು ಅಂಟಿಕೊಂಡಿದ್ದರೂ ಕಷ್ಟ. ಓಣಿ ಬಿಗಿಯಾದರೆ ಅಥವಾ ತಿರುವು ತೀಕ್ಷ್ಣವಾದರೆ ಕರುಳಿನ ದಾರಿ ಕಟ್ಟಿಕೊಳ್ಳುವ ಅಪಾಯವೂ ಉಂಟು. ಜರ್ಮನಿಯ ಬರ್ಗರ್ ಮತ್ತು ಬೀಂಟ್ಸ್ಲೆ ೨೦೦೭ರಲ್ಲಿ ಎರಡು ಬಲೆಗಳನ್ನು ಒಟ್ಟಿಗೆ ಬಳಸಿದರು: ಒಂದಕ್ಕೆ ಕಣ್ಣು ಕೊರೆದು ಕರುಳಿಗೆ ಸುತ್ತಿ, ಇನ್ನೊಂದನ್ನು ಶುಗರ್‌ಬೇಕರ್ ರೀತಿಯಲ್ಲಿ ಮೇಲೆ ಹೊದಿಸಿ. ಅಮೆರಿಕದ ಎರಿಕ್ ಪಾಲಿ ೨೦೧೬ರಲ್ಲಿ ಬಲೆಯನ್ನು ಸ್ನಾಯುವಿನ ಹಿಂದಣ ಪದರದಲ್ಲಿ ಅಡಗಿಸುವ ಕ್ರಮವನ್ನು ಪ್ರಕಟಿಸಿದರು; ಬಲೆ ಹೊಟ್ಟೆಯೊಳಗಿನ ಕರುಳುಗಳಿಗೆ ನೇರವಾಗಿ ತಾಗದೆಂಬುದು ಅದರ ಆಕರ್ಷಣೆ.

ಇಷ್ಟಾದ ಮೇಲೆ ಅಮೆರಿಕದಲ್ಲಿ ಇನ್ನೊಂದು ಪರೀಕ್ಷೆ ನಡೆಯಿತು. ಸ್ನಾಯುವಿನ ಹಿಂದಣ ಪದರದಲ್ಲಿ ಬಲೆ ಹಾಕುವ ತೆರೆದ ಶಸ್ತ್ರಕ್ರಿಯೆಗೆ ಬಂದ ೧೫೦ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಶುಗರ್‌ಬೇಕರ್, ಇನ್ನೊಂದಕ್ಕೆ ಬೀಗದ ಕಣ್ಣು. ಎರಡು ವರ್ಷಗಳ ಬಳಿಕ ಮರುಕಳಿಕೆ ಮೊದಲನೆಯದರಲ್ಲಿ ಶೇಕಡಾ ೧೭, ಎರಡನೆಯದರಲ್ಲಿ ೨೪. ಅಂತರವಿದೆ, ಆದರೆ ಆಕಸ್ಮಿಕವಲ್ಲವೆಂದು ಗಣಿತದ ಪ್ರಕಾರ ಸಾಧಿಸುವಷ್ಟು ದೊಡ್ಡದಲ್ಲ. ಹೊಟ್ಟೆಯೊಳಗಡೆ ಬಲೆ ಹಾಕುವಾಗ ಎದ್ದು ಕಂಡ ಭೇದ ಇನ್ನೊಂದು ಪದರದಲ್ಲಿ ಅಷ್ಟಾಗಿ ಕಾಣಲಿಲ್ಲ. ಅತ್ಯುತ್ತಮ ಕೈಗಳಲ್ಲಿಯೂ ನಾಲ್ಕರಿಂದ ಆರು ಮಂದಿಗೊಬ್ಬರಂತೆ ಹರ್ನಿಯ ಮರಳಿತೆಂಬುದನ್ನೂ ಇಲ್ಲಿ ಗಮನಿಸಬೇಕು. ‘ಒಮ್ಮೆ ಆಪರೇಶನ್ ಆದರೆ ಮುಗಿಯಿತು’ ಎಂಬ ಭರವಸೆಯನ್ನು ಯಾವ ಪ್ರಾಮಾಣಿಕ ವೈದ್ಯರೂ ಕೊಡಲಾರರು.

ಬಲೆ ಎಂದರೆ ಹೆದರುವವರೂ ಇದ್ದಾರೆ. ಮಲ ಹರಿಯುವ ದಾರಿಯ ಪಕ್ಕದಲ್ಲಿ ಅನ್ಯ ವಸ್ತುವನ್ನಿಟ್ಟರೆ ಕೀವಾಗದೆ? ಈ ಭಯ ಒಂದು ಕಾಲಕ್ಕೆ ಶಸ್ತ್ರವೈದ್ಯರಲ್ಲಿಯೇ ಬಲವಾಗಿತ್ತು. ಬಲೆಗೆ ಸೋಂಕು ತಗಲಿದವರು ನೂರಕ್ಕೆ ಮೂವರ ಆಸುಪಾಸು ಎಂದು ಕೂಡಿಸಿದ ಲೆಕ್ಕ ತೋರಿಸಿತು. ತೀರ ಅಪರೂಪವಾಗಿ ಬಲೆಯ ಅಂಚು ಕರುಳನ್ನು ಸವೆಸುವುದುಂಟು. ಆಗ ಮತ್ತೆ ಹೊಟ್ಟೆ ಬಿಚ್ಚಬೇಕು. ಪ್ರಾಣಿಗಳ ಚರ್ಮದಿಂದ ತಯಾರಿಸಿದ ಜೈವಿಕ ಹಾಳೆಗಳೂ ಬಂದಿವೆ. ಬೆಲೆ ವಿಪರೀತ, ಫಲ ಹೆಚ್ಚೆಂಬುದಕ್ಕೆ ಆಧಾರ ಸಾಲದು. ಅನೇಕವು ಹಂದಿಯ ಚರ್ಮದಿಂದಾದವು. ಆಕ್ಷೇಪವಿರುವ ಮನೆಯವರು ಮೊದಲೇ ಕೇಳಿ ತಿಳಿದುಕೊಳ್ಳುವುದರಲ್ಲಿ ಸಂಕೋಚಪಡಬೇಕಾಗಿಲ್ಲ.

ಮೊದಲ ಶಸ್ತ್ರಕ್ರಿಯೆಯ ದಿನವೇ ಮುಂಜಾಗ್ರತೆಯಾಗಿ ಬಲೆ ಹಾಕಿದರೆ ಹೇಗೆ? ಸ್ವೀಡನ್ನಿನ ವೈದ್ಯರು ೨೦೦೪ರಲ್ಲಿ ಇದನ್ನು ಪರೀಕ್ಷಿಸಿ ಆಶಾದಾಯಕ ಫಲ ಕಂಡರು. ಯುರೋಪಿನ ಮಾರ್ಗಸೂಚಿಯೂ ಶಾಶ್ವತ ದ್ವಾರಕ್ಕೆ ಅದನ್ನು ಶಿಫಾರಸು ಮಾಡಿತು. ಆದರೆ ಅದೇ ಸ್ವೀಡನ್ನಿನಿಂದ ೨೦೧೯ರಲ್ಲಿ ಪ್ರಕಟವಾದ ಇನ್ನೂ ದೊಡ್ಡ ಪರೀಕ್ಷೆಯಲ್ಲಿ, ಒಂದು ವರ್ಷದ ಬಳಿಕ, ಬಲೆ ಹಾಕಿದವರಿಗೂ ಹಾಕದವರಿಗೂ ವ್ಯತ್ಯಾಸ ಕಾಣಲಿಲ್ಲ. ವಿದ್ವಾಂಸರ ಜಗಳ ತೀರಿಲ್ಲ. ಜಗಳವಿಲ್ಲದ ಒಂದು ಸಂಗತಿಯಿದೆ, ಅದಕ್ಕೆ ಖರ್ಚೂ ಇಲ್ಲ: ಶಸ್ತ್ರಕ್ರಿಯೆಗೆ ಮುಂಚೆ ರೋಗಿಯನ್ನು ಕುಳ್ಳಿರಿಸಿ, ನಿಲ್ಲಿಸಿ, ಬಗ್ಗಿಸಿ, ಅವನು ಪಂಚೆಯನ್ನೋ ಅವಳು ಸೀರೆಯನ್ನೋ ಎಲ್ಲಿ ಬಿಗಿಯುತ್ತಾರೆಂಬುದನ್ನು ನೋಡಿ, ಬಾಗಿಲು ಬರಬೇಕಾದ ಜಾಗವನ್ನು ಶಾಯಿಯಿಂದ ಗುರುತಿಸುವುದು. ಇದನ್ನು ಬಲ್ಲ ಒಬ್ಬ ನರ್ಸ್ ಮುಂದಿನ ಹತ್ತು ವರ್ಷಗಳ ಗೋಳನ್ನು ಹತ್ತು ನಿಮಿಷಗಳಲ್ಲಿ ತಪ್ಪಿಸಬಲ್ಲಳು.

ಉಬ್ಬು ಕಂಡವರೆಲ್ಲರೂ ಶಸ್ತ್ರಕ್ರಿಯೆಗೆ ಓಡಬೇಕೆಂದಲ್ಲ. ನೋವಿಲ್ಲದ, ಚೀಲ ಸರಿಯಾಗಿ ಕೂರುವ, ಮಲಗಿದರೆ ಒಳಸೇರುವ ಹರ್ನಿಯವನ್ನು ಹೊಟ್ಟೆಯ ಬೆಲ್ಟು ಕಟ್ಟಿ, ತೂಕವಿಳಿಸಿ, ಬೀಡಿ ಸಿಗರೇಟು ಬಿಟ್ಟು, ಮಲಬದ್ಧತೆಯಾಗದಂತೆ ಉಂಡು ನೋಡಿಕೊಳ್ಳಬಹುದು. ಚೀಲ ಪದೇ ಪದೇ ಸೋರುವುದು, ನೋವು, ಆಗಾಗ ಕರುಳು ಕಟ್ಟಿದಂತಾಗುವುದು, ಇವು ಶಸ್ತ್ರಕ್ರಿಯೆಯ ಮಾತೆತ್ತಲು ಕಾರಣಗಳು. ಆದರೆ ಒಂದು ಸ್ಥಿತಿಯಲ್ಲಿ ಯೋಚಿಸುತ್ತ ಕೂರಬಾರದು. ಉಬ್ಬು ಕಲ್ಲಿನಂತೆ ಗಟ್ಟಿಯಾಗಿ ಒಳಸೇರದಿದ್ದರೆ, ನೋವಿನೊಡನೆ ವಾಂತಿಯಾದರೆ, ಚೀಲಕ್ಕೆ ಗಾಳಿಯೂ ಮಲವೂ ಬಾರದಿದ್ದರೆ, ಕೆಂಪಗಿರಬೇಕಾದ ಬಾಗಿಲಿನ ಕರುಳು ಕಪ್ಪಾಗಿ ಕಂಡರೆ, ಸಂದಿಯಲ್ಲಿ ಸಿಕ್ಕ ಕರುಳಿಗೆ ರಕ್ತ ನಿಂತಿದೆಯೆಂದು ತಿಳಿಯಬೇಕು. ಅದು ಗಂಟೆಗಳ ಲೆಕ್ಕ. ೨೦೨೦ರ ಮಾರ್ಚಿಯಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ ಕಾಸರಗೋಡಿನವರು ಗಂಟೆಯ ಬೆಲೆ ಏನೆಂಬುದನ್ನು ಕಂಡಿದ್ದಾರೆ. ಇಂಥ ತುರ್ತಿನಲ್ಲಿ ಪದ್ಧತಿಗಳನ್ನು ಹೋಲಿಸುವ ಅವಕಾಶ ರೋಗಿಗೂ ಇಲ್ಲ, ವೈದ್ಯರಿಗೂ ಇಲ್ಲ. ಹೋಲಿಕೆಯೆಲ್ಲ ಮುಂಚೆಯೇ ಬಂದವರ ಭಾಗ್ಯ.

ನಿಶ್ಚಿಂತೆಯ ಕಾಲದಲ್ಲಿಯೇ ಹೋದವರು ಶಸ್ತ್ರವೈದ್ಯರನ್ನು ನೇರವಾಗಿ ಕೇಳಬೇಕು: ನನ್ನ ಹರ್ನಿಯದ ರಂಧ್ರ ಎಷ್ಟು ಅಗಲ? ಹಳೆಯ ಗಾಯದಲ್ಲಿಯೂ ಇನ್ನೊಂದು ಹರ್ನಿಯ ಇದೆಯೇ? ಬಲೆಯನ್ನು ಯಾವ ಪದರದಲ್ಲಿ ಇಡುವಿರಿ? ಈ ಶಸ್ತ್ರಕ್ರಿಯೆಯನ್ನು ನೀವು ಎಷ್ಟು ಸಲ ಮಾಡಿದ್ದೀರಿ? ಕೊನೆಯ ಪ್ರಶ್ನೆ ಉದ್ಧಟತನವಲ್ಲ. ತೊಡೆಸಂದಿನ ಹರ್ನಿಯವನ್ನು ದಿನವೂ ಮಾಡುವ ನಿಪುಣರು ಕೂಡ ಇದನ್ನು ವರ್ಷಕ್ಕೆ ನಾಲ್ಕಾರು ಸಲ ಮಾತ್ರ ಕಾಣಬಹುದು. ಬಲ್ಲವರೆಡೆಗೆ ಕಳುಹಿಸುವುದನ್ನು ಒಳ್ಳೆಯ ವೈದ್ಯರು ಅವಮಾನವೆಂದು ಎಣಿಸುವುದಿಲ್ಲ.

ರಥಬೀದಿಯ ಯಜಮಾನರು ಕೊನೆಗೆ ಹೋದರು. ಮನೆಯಾಕೆ ಆಟೋರಿಕ್ಷಾವನ್ನು ಬಾಗಿಲಿಗೇ ತರಿಸಿ ನಿಂತ ಮೇಲೆ. ವೈದ್ಯರು ಮೊದಲು ಮಲಗಿಸಿ, ಆಮೇಲೆ ನಿಲ್ಲಿಸಿ, ಬಾಗಿಲಿನ ಪಕ್ಕದಲ್ಲಿ ಬೆರಳಿಟ್ಟು ಕೆಮ್ಮಿಸಿ ನೋಡಿದರು. ಸಿ.ಟಿ. ಚಿತ್ರದಲ್ಲಿ ಕಿರುಗರುಳಿನ ಒಂದು ಸುರುಳಿ ಕಂಡಿತು. ರಂಧ್ರ ಐದು ಸೆಂಟಿಮೀಟರಿಗಿಂತ ಚಿಕ್ಕದು. ಹಳೆಯ ಗಾಯ ಭದ್ರ.

“ಬಲೆ ಹಾಕ್ತೀರಾ ಡಾಕ್ಟರೇ?”

“ಹಾಕುವ ರಾಯರೇ. ಮೊದಲು ನಿಮ್ಮ ಕೆಮ್ಮು ನಿಲ್ಲಲಿ, ಎಂಟು ಕಿಲೋ ಇಳಿಯಲಿ. ಅಷ್ಟರವರೆಗೆ ಬೆಲ್ಟು. ಮಳೆ ಕಳೆದ ಮೇಲೆ ಬನ್ನಿ.”

ಹೊರಗೆ ಬೆಂಚಿನಲ್ಲಿ ಕುಳಿತು ಬೆಲ್ಟಿನ ಚೀಟಿಯನ್ನು ಮಡಚುತ್ತಿದ್ದ ಗಂಡನನ್ನು ನೋಡಿ ಆಕೆ, “ಗಾಳಿ ಅಂತ ಹೇಳಿದ್ದು ಯಾರು?” ಎಂದು ಮಾತ್ರ ಕೇಳಿದರು. ಯಜಮಾನರು ರಿಕ್ಷಾ ಕರೆಯಲು ಎದ್ದರು.